ಕಫದ ಗಂಟು ಬಿಡಿಸುವ ಗಂಧಕ

ಕಕ್ಕಡ ತಿಂಗಳ ಮಳೆ ಹಿಡಿದರೆ ಕೊಡಗಿನ ಮನೆಗಳಲ್ಲಿ ಡಬ್ಬಿಯೊಳಗಿನ ಉಪ್ಪೂ ನೀರೊಡೆಯುತ್ತದೆ. ಎದೆಯಲ್ಲಿ ಕಫ ಕಟ್ಟಿದವರಿಗೆ ವೈದ್ಯರು ಬರೆಯುವ, ನೀರಲ್ಲಿ ನೊರೆಯೆದ್ದು ಕರಗುವ 600 ಮಿಲಿಗ್ರಾಂನ ಅಸಿಟೈಲ್‌ಸಿಸ್ಟೀನ್ ಮಾತ್ರೆಗೂ ಈ ತೇವ ಆಗದು. ಏಕೆಂಬುದು ತಿಳಿಯಲು ಕಫದಿಂದಲೇ ಶುರುಮಾಡಬೇಕು.

ಕಫಕ್ಕೆ ಅಂಟು ಬರುವುದು ಮ್ಯೂಸಿನ್ ಎಂಬ ಪ್ರೋಟೀನಿನಿಂದ. ಉದ್ದನೆಯ ದಾರದಂಥ ಇದರ ತುದಿಗಳಲ್ಲಿ ಸಿಸ್ಟೀನ್ ಎಂಬ ಅಮೈನೋ ಆಮ್ಲ ಹೇರಳವಾಗಿದೆ. ಪ್ರತಿ ಸಿಸ್ಟೀನಿನಲ್ಲೂ ಒಂದು ಗಂಧಕದ ಪರಮಾಣು. ಎರಡು ಗಂಧಕಗಳು ಕೈ ಹಿಡಿದರೆ ದಾರಕ್ಕೆ ದಾರ ಗಂಟುಬೀಳುತ್ತದೆ, ಕಫ ಗಟ್ಟಿಯಾಗುತ್ತದೆ. ಅಸಿಟೈಲ್‌ಸಿಸ್ಟೀನ್ ಕೂಡ ಸಿಸ್ಟೀನಿನದೇ ಒಂದು ರೂಪ. ಬರಿಗೈಯಲ್ಲಿರುವ ಅದರ ಗಂಧಕ ನಡುವೆ ನುಗ್ಗಿ, ಒಂದರ ಕೈಯನ್ನು ತಾನು ಹಿಡಿದು ಜೋಡಿಯನ್ನು ಬಿಡಿಸುತ್ತದೆ. ಕಾರ್ಬೊಸಿಸ್ಟೀನ್ ಎಂಬ ಇನ್ನೊಂದು ಕಫದ ಔಷಧ ಇದರ ದಾಯಾದಿ. ಆದರೆ ಅದರ ಗಂಧಕದ ಕೈ ಮೊದಲೇ ಕಟ್ಟಿಹೋಗಿದೆ. ಅದು ಗಂಟು ಬಿಚ್ಚಲಾರದು, ಹೊಸದಾಗಿ ಹುಟ್ಟುವ ಕಫದ ಗುಣವನ್ನಷ್ಟೇ ಬದಲಿಸುತ್ತದೆ.

ಗಾಳಿ ತಾಗಿದರೆ ಔಷಧದ ಗಂಧಕಗಳು ತಮ್ಮತಮ್ಮಲ್ಲೇ ಜೋಡಿಯಾಗಿಬಿಡುತ್ತವೆ. ಕಫಕ್ಕೆ ಚಾಚಲು ಆಮೇಲೆ ಕೈಯೇ ಉಳಿಯದು. ಸಾಲದ್ದಕ್ಕೆ, ನೊರೆಯೆಬ್ಬಿಸಲು ಮಾತ್ರೆಯಲ್ಲಿ ಸೇರಿಸಿದ ಸಿಟ್ರಿಕ್ ಆಮ್ಲ, ಸೋಡಾ ತೇವ ಸೋಕಿದೊಡನೆ ಪೊಟ್ಟಣದಲ್ಲೇ ಕೂಡಿಕೊಳ್ಳುತ್ತವೆ. ಉಬ್ಬಿದ, ಮೆತ್ತಗಾದ ಮಾತ್ರೆ ಬೇಡ. ಒಲೆಯ ಮೇಲಿನ ಅಟ್ಟವೂ ಬೇಡ, ಅಲ್ಲಿ ಬಿಸಿ ಹೆಚ್ಚು.

ಗಾಜಿನ ಲೋಟದಲ್ಲಿ ಅರ್ಧದಷ್ಟು ನೀರು ತೆಗೆದುಕೊಂಡು ಮಾತ್ರೆ ಹಾಕಿ, ಕರಗಿದ ಕೂಡಲೇ ಕುಡಿಯಬೇಕು. ಕೊಳೆತ ಮೊಟ್ಟೆಯಂಥ ವಾಸನೆ ಬಂದರೆ ಹೆದರಬೇಡಿ, ಅದು ಗಂಧಕದ್ದು. ನುಂಗುವ ಆಂಟಿಬಯಾಟಿಕ್‌ ಇದ್ದರೆ ನಡುವೆ 2 ಗಂಟೆ ಬಿಡುವುದು ವಾಡಿಕೆ. ನೊರೆ ಮಾತ್ರೆಯಲ್ಲಿ ಸೋಡಿಯಂ ಇರುತ್ತದೆ, ಬಿ.ಪಿ. ಇರುವವರು ವೈದ್ಯರಿಗೆ ಹೇಳಲೇಬೇಕು. ಆಸ್ತಮಾ ಇದ್ದವರೂ ಅಷ್ಟೇ, ಉಸಿರಿನ ಕೊಳವೆ ಬಿಗಿಯಬಹುದು.

ಎಲ್ಲಕ್ಕಿಂತ ದೊಡ್ಡ ತಪ್ಪೆಂದರೆ ಇದರ ಜೊತೆಗೆ ಡೆಕ್ಸ್‌ಟ್ರೊಮೆಥಾರ್ಫನ್ ಇರುವ ಸಿರಪ್ ಕುಡಿಯುವುದು. ಅದು ಒಣಕೆಮ್ಮಿಗೆ, ಮಿದುಳಿನಲ್ಲೇ ಕೆಮ್ಮನ್ನು ಅಡಗಿಸುತ್ತದೆ. ಇತ್ತ ಕಫ ಸಡಿಲವಾಗಿದೆ, ಅತ್ತ ಅದನ್ನು ಹೊರಹಾಕುವ ಕೆಮ್ಮೇ ಇಲ್ಲ. ಹಾಸಿಗೆ ಹಿಡಿದ ಹಿರಿಯರಲ್ಲಿ ಆ ಕಫ ಎದೆಯಲ್ಲೇ ಕೂತು ಉಸಿರಿಗೆ ಅಡ್ಡವಾಗುತ್ತದೆ. ಬಾಟಲಿಯ ಮೇಲಿನ ಸಣ್ಣ ಅಕ್ಷರಗಳಲ್ಲಿ ಆ ಹೆಸರು ಇದೆಯೇ ಎಂದು ಮೆಡಿಕಲ್ ಸ್ಟೋರಿನಲ್ಲೇ ಓದಿಸಿಕೊಳ್ಳಿ.