ನಾಲೆಯ ಪೆಟ್ಟಿಗೆಗೆ ಯಾವ ಲಿಥಿಯಂ ಸೆಲ್? ಒಂದು ಅಧ್ಯಯನ ಟಿಪ್ಪಣಿ

ಚಾರ್ಜ್ ಮಾಡಬಹುದಾದ ಬ್ಯಾಟರಿಯೇ ಮೇಲು, ಏಕೆಂದರೆ ಅದನ್ನು ಮತ್ತೆ ಮತ್ತೆ ಬಳಸಬಹುದು ಎಂದು ನಾವೆಲ್ಲ ಪರೀಕ್ಷೆಯಲ್ಲಿ ಬರೆದವರೇ. ಮಂಡ್ಯದ ಹತ್ತಿರ ವಿಶ್ವೇಶ್ವರಯ್ಯ ನಾಲೆಯ ಒಂದು ಕವಲಿನಲ್ಲಿ ನೀರಿನ ಮಟ್ಟ ಅಳೆಯುವ ಪ್ರಾಜೆಕ್ಟ್ ಕೈಗೆತ್ತಿಕೊಂಡಾಗ ಆ ಉತ್ತರ ಎಷ್ಟು ಅರೆಬರೆಯದೆಂಬುದು ನನಗೆ ತಿಳಿಯಿತು. ಆ ಲೆಕ್ಕವನ್ನೇ ಇಲ್ಲಿ ಬಿಡಿಸಿಡುತ್ತೇನೆ.

ಪೆಟ್ಟಿಗೆಯೊಳಗಿನ ನಮ್ಮ ಉಪಕರಣ ಗಂಟೆಗೊಮ್ಮೆ ಎಚ್ಚರಗೊಂಡು, ಮಟ್ಟವನ್ನು ಅಳೆದು, ರೇಡಿಯೋ ಮೂಲಕ ಕಳುಹಿಸಿ ಮತ್ತೆ ಮಲಗುತ್ತದೆ. ಎಚ್ಚರವಿರುವ 2 ಸೆಕೆಂಡು 40 ಮಿಲಿಆಂಪಿಯರ್, ಮಲಗಿರುವಾಗ 10 ಮೈಕ್ರೋಆಂಪಿಯರ್. ದಿನವೊಂದಕ್ಕೆ ಕಳುಹಿಸುವುದಕ್ಕೆ 0.53, ಮಲಗುವುದಕ್ಕೆ 0.24, ಒಟ್ಟು 0.77 ಮಿಲಿಆಂಪಿಯರ್-ಗಂಟೆ (ಪ್ರವಾಹವನ್ನು ಹೊತ್ತಿನಿಂದ ಗುಣಿಸಿದ ಚಾರ್ಜಿನ ಅಳತೆ), ವರ್ಷಕ್ಕೆ ಸುಮಾರು 280. ಈಗ 3,000 ಮಿಲಿಆಂಪಿಯರ್-ಗಂಟೆಯ ಒಂದು 18650 ಅಳತೆಯ (18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದ), ಚಾರ್ಜ್ ಮಾಡಬಹುದಾದ ಲಿಥಿಯಂ-ಅಯಾನ್ ಸೆಲ್ ಹಾಕಿದರೆ ಹತ್ತು ವರ್ಷ ಬರಬೇಕಲ್ಲವೇ? ಬರುವುದಿಲ್ಲ. ಈ ಬಗೆಯ ಸೆಲ್ಲಿನಿಂದ, ಅದರ ರಕ್ಷಣಾ ಸರ್ಕ್ಯೂಟ್ ಕುಡಿಯುವುದೂ ಸೇರಿ, ತಿಂಗಳಿಗೆ ಶೇ. 2ರಷ್ಟು ಚಾರ್ಜ್ ತಾನಾಗಿಯೇ ಸೋರುತ್ತದೆ ಎಂದಿಟ್ಟುಕೊಂಡರೂ ವರ್ಷಕ್ಕೆ 720 ಮಿಲಿಆಂಪಿಯರ್-ಗಂಟೆ ಹೋಯಿತು. ಉಪಕರಣ ಉಣ್ಣುವುದಕ್ಕಿಂತ ಸೋರಿಕೆಯೇ ಎರಡೂವರೆ ಪಟ್ಟು ಹೆಚ್ಚು. ಕಾಗದದ ಮೇಲೆಯೇ ಅದರ ಆಯುಷ್ಯ ಮೂರು ವರ್ಷ.

ಇದೇ ಪೆಟ್ಟಿಗೆಗೆ ಎಎ ಅಳತೆಯ (ಗಡಿಯಾರದ ಸೆಲ್ಲಿನಷ್ಟೇ ದೊಡ್ಡ), ಒಂದೇ ಬಾರಿ ಬಳಸುವ ಲಿಥಿಯಂ ಥಯೋನಿಲ್ ಕ್ಲೋರೈಡ್ ಸೆಲ್ ಹಾಕೋಣ. 3.6 ವೋಲ್ಟ್, 2,400 ಮಿಲಿಆಂಪಿಯರ್-ಗಂಟೆ, ತೂಕ 20 ಗ್ರಾಮಿಗಿಂತ ಕಡಿಮೆ. 18650 ಸೆಲ್ಲಾದರೋ 45 ಗ್ರಾಂ ದಾಟುತ್ತದೆ. ಸಾಮಾನ್ಯ ಉಷ್ಣಾಂಶದಲ್ಲಿ ಇದರ ಸೋರಿಕೆ ವರ್ಷಕ್ಕೆ ಶೇ. 1ರ ಆಸುಪಾಸು. ಲೆಕ್ಕಕ್ಕೆ ಎಂಟು ವರ್ಷ ಬರುತ್ತದೆ. ಬಿಸಿಲಿಗೂ ವಿದ್ಯುತ್ ಪ್ರವಾಹದ ಏರಿಳಿತಕ್ಕೂ ಕಳೆದು ನಾನು ಐದೆಂದು ಬರೆದುಕೊಂಡೆ.

ಹಾಗಾದರೆ ಥಯೋನಿಲ್ ಕ್ಲೋರೈಡೇ ಗೆದ್ದಿತೆಂದು ಪುಸ್ತಕ ಮುಚ್ಚುವಂತಿಲ್ಲ. ಹಂಡೆಯಲ್ಲಿ ನೀರೆಷ್ಟಿದೆ ಎಂಬುದು ಒಂದು ಪ್ರಶ್ನೆ, ಅದರ ಬಾಯಿ ಎಷ್ಟು ಅಗಲ ಎಂಬುದು ಇನ್ನೊಂದು. ಈ ಸೆಲ್ಲಿನೊಳಗೆ ಲಿಥಿಯಂ ಲೋಹದ ಮೈಮೇಲೆ ಲಿಥಿಯಂ ಕ್ಲೋರೈಡಿನ ತೆಳುಪದರವೊಂದು ತಾನಾಗಿ ಕಟ್ಟಿಕೊಳ್ಳುತ್ತದೆ. ಒಳಗಿನ ದ್ರವ ಲೋಹವನ್ನು ತಿಂದುಹಾಕದಂತೆ ತಡೆದು ವರ್ಷಗಟ್ಟಲೆ ಕಾಪಾಡುವುದು ಆ ಪದರವೇ; ಒಮ್ಮೆಲೇ ಹೆಚ್ಚು ಪ್ರವಾಹ ಕೇಳಿದಾಗ ಅಡ್ಡ ನಿಲ್ಲುವುದೂ ಅದೇ. ನಮ್ಮ ಸೆಲ್ ಬೇಸಿಗೆಯುದ್ದಕ್ಕೂ ಲ್ಯಾಬಿನ ಬೀರುವಿನಲ್ಲಿ ಕುಳಿತಿತ್ತು. ಮಲ್ಟಿಮೀಟರ್ ಹಿಡಿದರೆ 3.6 ವೋಲ್ಟ್ ಸರಿಯಾಗಿಯೇ ತೋರಿಸುತ್ತಿತ್ತು, ಪೆಟ್ಟಿಗೆಗೆ ಹಾಕಿದರೆ ಮಾತ್ರ ರೇಡಿಯೋ ಎದ್ದ ಕ್ಷಣವೇ ವೋಲ್ಟೇಜ್ ಕುಸಿದು ಉಪಕರಣ ಮೊದಲಿನಿಂದ ಶುರುವಾಗುತ್ತಿತ್ತು. ಅರ್ಧ ದಿನ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕಿದೆವು. ಕೊನೆಗೆ, ತಯಾರಕರು ಹೇಳಿದ ಮಿತಿಯೊಳಗಿನ ಒಂದು ರೆಸಿಸ್ಟರನ್ನು ಕೆಲವು ನಿಮಿಷ ಸೆಲ್ಲಿಗೆ ಜೋಡಿಸಿದಾಗ ಪದರ ಒಡೆದು ಎಲ್ಲವೂ ನೆಟ್ಟಗಾಯಿತು. ಅಂದಿನಿಂದ ಸೆಲ್ಲಿನ ಪಕ್ಕದಲ್ಲಿ ಒಂದು ದೊಡ್ಡ ಕೆಪಾಸಿಟರ್ ಇಡುತ್ತೇವೆ: ಸೆಲ್ ಅದನ್ನು ನಿಧಾನವಾಗಿ ತುಂಬುತ್ತದೆ, ರೇಡಿಯೋ ಅದರಿಂದ ಗಟಗಟನೆ ಕುಡಿಯುತ್ತದೆ. ಕ್ಷಣಮಾತ್ರಕ್ಕಾದರೂ 2 ಆಂಪಿಯರ್ ಕೇಳುವ ಹಳೆಯ ಜಿಎಸ್ಎಂ ಮೋಡೆಮ್ (ಮೊಬೈಲ್ ಜಾಲದ ಮೂಲಕ ಮಾಹಿತಿ ಕಳುಹಿಸುವ ಸಾಧನ) ಇದ್ದಿದ್ದರೆ ಇಂಥ ಚಿಕ್ಕ ಸೆಲ್ ಒಂಟಿಯಾಗಿ ನಿಭಾಯಿಸುವ ಮಾತೇ ಇರಲಿಲ್ಲ.

ಕಬ್ಬಿನ ಗದ್ದೆಯ ಮೇಲೆ ಔಷಧಿ ಸಿಂಪಡಿಸುವ ಡ್ರೋನ್, ಆಂಬುಲೆನ್ಸಿನ ಮಾನಿಟರ್, ಸ್ಕೂಟರ್ ಇವುಗಳ ವಿಷಯದಲ್ಲಿ ಚರ್ಚೆಯೇ ಬೇಕಿಲ್ಲ. ಪ್ರವಾಹ ಹೆಚ್ಚು, ಸೆಲ್ ಬರಿದಾಗುವುದು ದಿನವೂ, ಚಾರ್ಜರ್ ಕೈಗೆಟಕುವಲ್ಲಿದೆ. ಚಾರ್ಜ್ ಆಗುವ ಸೆಲ್ಲೇ ಬೇಕು. ತೂಕ ಮುಖ್ಯವಲ್ಲದಿದ್ದರೆ 3.2 ವೋಲ್ಟಿನ ಲಿಥಿಯಂ ಐರನ್ ಫಾಸ್ಫೇಟ್ ಬಗೆ ಹೆಚ್ಚು ಬಾರಿ ಚಾರ್ಜ್ ತಾಳುತ್ತದೆ, ಬಿಸಿಗೂ ಬೇಗ ಹೆದರುವುದಿಲ್ಲ. ಲಿಥಿಯಂ-ಅಯಾನ್ ಸೆಲ್ಲನ್ನು 0 ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಬಾರದೆಂಬ ನಿಯಮ ಲಡಾಖಿನವರಿಗೆ ಮುಖ್ಯ. ನಮಗೆ ಮುಖ್ಯವಾದದ್ದು ಸಾಮಾನ್ಯವಾಗಿ 45 ಡಿಗ್ರಿ ಎಂದು ಕೊಡುವ ಮೇಲಿನ ಮಿತಿ. ಏಪ್ರಿಲ್ ಬಿಸಿಲಿನಲ್ಲಿ ಮುಚ್ಚಿದ ಪೆಟ್ಟಿಗೆಯ ಒಳಗು ಅದನ್ನು ಸುಲಭವಾಗಿ ಮೀರುತ್ತದೆ, ಸೋಲಾರ್ ಪ್ಯಾನೆಲ್ ಚೆನ್ನಾಗಿ ಚಾರ್ಜ್ ಕೊಡುವುದೂ ಅದೇ ಹೊತ್ತಿನಲ್ಲಿ. ಪ್ಯಾನೆಲ್ ಹಾಕಿದರೆ ಮುಗಿಯಿತು ಎನ್ನುವ ಸ್ನೇಹಿತರಿಗೆ ನಾನು ತೋರಿಸುವುದು ಈ ತೊಡಕನ್ನೇ.

ಇನ್ನು, ಒಂದು ಬಾರಿಯ ಲಿಥಿಯಂ ಸೆಲ್ಲನ್ನು ಚಾರ್ಜ್ ಮಾಡಿದರೇನು ಎಂಬ ಪ್ರಶ್ನೆ ಪ್ರತಿ ಬ್ಯಾಚಿನಲ್ಲೂ ಬರುತ್ತದೆ. ಇದರಲ್ಲಿರುವುದು ಲೋಹರೂಪದ ಲಿಥಿಯಂ. ಹಿಂದಕ್ಕೆ ಪ್ರವಾಹ ಹರಿಸಿದರೆ ಲೋಹ ಸಮನಾಗಿ ಕೂರದೆ ಸೂಜಿಗಳಂತೆ ಬೆಳೆಯಬಹುದು, ಸೆಲ್ ಬಿಸಿಯೇರಿ ಸಿಡಿಯಬಹುದು. 1991ರಲ್ಲಿ ಸೋನಿ ಮಾರುಕಟ್ಟೆಗೆ ತಂದ ಲಿಥಿಯಂ-ಅಯಾನ್ ಸೆಲ್ ಈ ಅಪಾಯವನ್ನು ಬಗೆಹರಿಸಿದ್ದು, ಲೋಹವನ್ನೇ ಬಿಟ್ಟು ಇಂಗಾಲದ ಪದರಗಳ ನಡುವೆ ಲಿಥಿಯಂ ಅಯಾನುಗಳನ್ನು ಕೂರಿಸುವ ಮೂಲಕ.

ಚಾರ್ಜ್ ಆಗುವ, ಆಗದ ಎರಡೂ ಬಗೆಯ ಸೆಲ್ಲುಗಳು ಒಂದೇ ಅಳತೆಯಲ್ಲಿ ಸಿಗುವುದೇ ದೊಡ್ಡ ಗೊಂದಲ. ಎಎ ಅಳತೆಯಲ್ಲೇ 1.5 ವೋಲ್ಟಿನ ಗಡಿಯಾರದ ಸೆಲ್, 3.6 ವೋಲ್ಟಿನ ಥಯೋನಿಲ್ ಕ್ಲೋರೈಡ್, 3.7 ವೋಲ್ಟಿನ ಚಾರ್ಜ್ ಆಗುವ ಸೆಲ್ ಮೂರೂ ಇವೆ. ಆದ್ದರಿಂದ ನಮ್ಮ ಲ್ಯಾಬಿನಲ್ಲಿ ಥಯೋನಿಲ್ ಕ್ಲೋರೈಡ್ ಸೆಲ್ಲುಗಳಿಗೆ ಕೆಂಪು ಟೇಪು ಸುತ್ತಿ, ಅದರ ಮೇಲೆ ವೋಲ್ಟೇಜನ್ನೂ ಪೆಟ್ಟಿಗೆಗೆ ಹಾಕಿದ ತಾರೀಖನ್ನೂ ಬರೆಯುತ್ತೇವೆ.