ಎಥೆಲ್‌ರೆಡ್: 'ರೆಡಿ' ಇಲ್ಲದ ರಾಜ ಅಲ್ಲ

ಎಥೆಲ್‌ರೆಡ್ ಎಂದು ಈಗ ಇಂಗ್ಲೆಂಡಿನಲ್ಲೂ ಮಕ್ಕಳಿಗೆ ಹೆಸರಿಡುವವರು ತೀರಾ ಅಪರೂಪ. ಹಳೆ ಇಂಗ್ಲಿಷಿನ ಎರಡು ಪದ ಸೇರಿ ಆದ ಹೆಸರಿದು. 'ಎಥೆಲ್' ಅಂದರೆ ಒಳ್ಳೆ ಮನೆತನದ, ಕುಲೀನ. ಜರ್ಮನ್ ಭಾಷೆಯ 'ಎಡೆಲ್' ಇದೇ ಬಳ್ಳಿಯದು. 'ರೆಡ್' ಅಂದರೆ ಸಲಹೆ, ಆಲೋಚನೆ. ಕೆಂಪು ಬಣ್ಣದ ರೆಡ್‌ಗೂ ಇದಕ್ಕೂ ಸಂಬಂಧ ಇಲ್ಲ. ಒಟ್ಟಿಗೆ ಓದಿದರೆ 'ಕುಲೀನ ಸಲಹೆ'.

ಇಷ್ಟು ಸಲೀಸಾಗಿ ಹೋಯಿತು. ನಾನು ಎರಡು ದಿನ ಒದ್ದಾಡಿದ್ದು ಮುಂದೆ.

978ರಲ್ಲಿ ಇಂಗ್ಲೆಂಡಿನ ಪಟ್ಟಕ್ಕೆ ಬಂದ ಎರಡನೇ ಎಥೆಲ್‌ರೆಡ್‌ನನ್ನು 'ದಿ ಅನ್‌ರೆಡಿ' ಅನ್ನುತ್ತಾರೆ. ಯುದ್ಧಕ್ಕೆ ಸಿದ್ಧನಿಲ್ಲದ ರಾಜ ಅಂತ ನಾನು ಬರೆದುಕೊಂಡಿದ್ದೆ. ತಪ್ಪು. ಮೂಲದಲ್ಲಿ ಅದು 'ಅನ್‌ರೆಡ್'. ಇಲ್ಲಿರುವುದೂ ಅದೇ 'ರೆಡ್', ಸಲಹೆ. ಮುಂದಿನ 'ಅನ್' ನಮ್ಮ 'ಅನರ್ಥ'ದಲ್ಲಿ ಇರುವ, ಸಂಸ್ಕೃತದಿಂದ ಬಂದ 'ಅನ್'ನ ದೂರದ ನೆಂಟ. ಅರ್ಥವನ್ನು ತಿರುವುಮುರುವು ಮಾಡುತ್ತದೆ. ಹಾಗಾಗಿ 'ಅನ್‌ರೆಡ್' ಅಂದರೆ ಕೆಟ್ಟ ಸಲಹೆ, ದುರಾಲೋಚನೆ. ಈಗ ಹೆಸರನ್ನೂ ಅಡ್ಡಹೆಸರನ್ನೂ ಜೋಡಿಸಿ ಓದಿ: 'ಕುಲೀನ ಸಲಹೆ, ಕೆಟ್ಟ ಸಲಹೆ'. ಎಂಥ ಚುರುಕಾದ ಕುಟುಕು ಅಲ್ವಾ? ಹಳೆ ಪದ ಬಳಕೆ ತಪ್ಪಿದ ಮೇಲೆ ಕಿವಿಗೆ ಹತ್ತಿರ ಕೇಳುವ 'ಅನ್‌ರೆಡಿ' ಅದರ ಜಾಗಕ್ಕೆ ಬಂತು. ಸಿದ್ಧ ಅನ್ನುವ 'ರೆಡಿ' ಬೇರೆಯೇ ಬೇರಿನ ಪದ.

ಈ ಅಡ್ಡಹೆಸರು ಬರಹದಲ್ಲಿ ಸಿಗುವುದು ಅವನು 1016ರಲ್ಲಿ ಸತ್ತು 150 ವರ್ಷಕ್ಕೂ ಜಾಸ್ತಿ ಆದ ಮೇಲೆ. ಆದರೆ ಪದ ಮಾತ್ರ ಅವನ ಕಾಲದ್ದೇ. ಹಳೆ ಇಂಗ್ಲಿಷಿನಲ್ಲಿ ವರ್ಷವಾರು ಬರೆದ ಇತಿಹಾಸ 'ಆಂಗ್ಲೋ-ಸ್ಯಾಕ್ಸನ್ ಕ್ರಾನಿಕಲ್'ನಲ್ಲಿ 1011ನೇ ವರ್ಷದ ಕೆಳಗೆ, ಈ ಕೇಡೆಲ್ಲ ಬಂದದ್ದು 'ಅನ್‌ರೆಡ್'ಗಳಿಂದ ಎಂಬ ಮಾತಿದೆ. ಆ ಕೇಡು ಯಾವುದು ಅಂದರೆ ಡೇನರ, ಅಂದರೆ ಸಮುದ್ರ ದಾಟಿ ಬಂದ ವೈಕಿಂಗರ ದಾಳಿ. 991ರಲ್ಲಿ ಇಂಗ್ಲೆಂಡಿನ ಮಾಲ್ಡನ್‌ನಲ್ಲಿ ಇಂಗ್ಲಿಷರು ಕಾಳಗ ಸೋತ ಮೇಲೆ ದಾಳಿಕೋರರಿಗೆ 10,000 ಪೌಂಡ್ ಕಪ್ಪ ಕೊಟ್ಟರು. ಹಣ ತಗೊಂಡವರು ಮತ್ತೆ ಮತ್ತೆ ಬಂದರು. ಇದನ್ನು ಓದಿದ ಮೇಲೇ ನನಗೆ ಆ ಪದದ ಕಹಿ ತಿಳಿದದ್ದು.

ನೆನಪಿಗೆ ನನ್ನ ದಾರಿ: ಯಾವುದೇ ಹಳೆ ಜರ್ಮಾನಿಕ್ (ಇಂಗ್ಲಿಷ್, ಜರ್ಮನ್ ಸೇರಿದ ಭಾಷಾ ಕುಟುಂಬದ) ಹೆಸರು ಸಿಕ್ಕರೂ ಮೊದಲು ಎರಡು ತುಂಡು ಮಾಡಿ. ಎಲ್ಲಿ ಕತ್ತರಿಸುತ್ತೀರಿ ಅನ್ನುವುದು ಮುಖ್ಯ. ಆಲ್ಫ್ರೆಡ್ ಅನ್ನು ನಾನು ಸುಮ್ನೆ 'ಆಲ್ + ಫ್ರೆಡ್' ಮಾಡಿದ್ದೆ. ಸರಿಯಾದದ್ದು 'ಆಲ್ಫ್ + ರೆಡ್'. ಆಲ್ಫ್ ಅಂದರೆ ಎಲ್ಫ್, ಇಂಗ್ಲಿಷರ ಹಳೆ ಕಥೆಗಳ ಮಾಯಾಜೀವಿ. ಎಲ್ಫ್‌ಗಳ ಸಲಹೆ ಇರುವವನು ಆಲ್ಫ್ರೆಡ್. ಇದೇ 'ರೆಡ್' ಜರ್ಮನ್ನಿನಲ್ಲಿ 'ರಾಟ್' ಆಗಿದೆ. ಅಲ್ಲಿ ಊರಿನ ಆಡಳಿತ ನಡೆಯುವ ಕಟ್ಟಡ 'ರಾಟ್‌ಹೌಸ್', ಅಂದರೆ ಸಲಹೆಯ ಮನೆ.