ಯಾರು ಯಾವ ತಂಡಕ್ಕೆ? ಬೇಸ್‌ಬಾಲ್ ಟ್ರೇಡ್ ಗಡುವಿನ ನೂರು ವರ್ಷದ ಹಿನ್ನೆಲೆ

ಜುಲೈ ಮೂರನೇ ವಾರ ದಾಟಿದರೆ ಸಾಕು, ಅಮೆರಿಕದ ಬೇಸ್‌ಬಾಲ್ ಅಭಿಮಾನಿಗಳ ಮಾತಿನಲ್ಲಿ ಆಟ ಹಿಂದೆ ಬಿದ್ದು ಲೆಕ್ಕಾಚಾರ ಮುಂದೆ ಬರುತ್ತದೆ. ನಮ್ಮ ತಂಡ ಈ ಸಲ ಕೊಳ್ಳುವ ಕಡೆಯೋ, ಮಾರುವ ಕಡೆಯೋ? ಆ ಎಡಗೈ ಪಿಚರ್ (ಚೆಂಡು ಎಸೆಯುವವನು) ಸಿಗುತ್ತಾನಾ? ಸಿಕ್ಕರೆ ಅವನಿಗೆ ಬದಲಾಗಿ ಯಾವ ಹುಡುಗನನ್ನು ಬಿಟ್ಟುಕೊಡಬೇಕು? ಆಫೀಸಿನಲ್ಲಿ, ರೈಲಿನಲ್ಲಿ, ಊಟದ ಮೇಜಿನಲ್ಲಿ ಇದೇ ಚರ್ಚೆ. ನ್ಯೂಜೆರ್ಸಿಯಲ್ಲೋ ಸಿಯಾಟಲ್‌ನಲ್ಲೋ ಇರುವ ನಮ್ಮವರು ಅಲ್ಲಿನ ಸಹೋದ್ಯೋಗಿಗಳ ಬಾಯಲ್ಲಿ ಇದನ್ನು ಕೇಳಿಯೇ ಇರುತ್ತಾರೆ. ಏನು ಇದೆಲ್ಲ, ಯಾಕಿಷ್ಟು ತಲೆಬಿಸಿ ಎಂದು ಅನಿಸಿಯೂ ಇರುತ್ತದೆ.

ಮೊದಲು ನಿಯಮ ನೋಡೋಣ. ಮೇಜರ್ ಲೀಗ್‌ನಲ್ಲಿ 30 ತಂಡಗಳಿವೆ. ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗೆ ಒಂದೊಂದು ತಂಡ 162 ಪಂದ್ಯ ಆಡುತ್ತದೆ. ಈ ನಡುವೆ ಒಂದು ನಿಗದಿತ ದಿನದವರೆಗೆ ಮಾತ್ರ ತಂಡಗಳು ಆಟಗಾರರನ್ನು ಅದಲುಬದಲು, ಅಂದರೆ ಟ್ರೇಡ್, ಮಾಡಿಕೊಳ್ಳಬಹುದು. ಆ ದಿನವೇ ಟ್ರೇಡ್ ಗಡುವು. ಈಗಿನ ಒಪ್ಪಂದದಂತೆ ಆ ದಿನ ಜುಲೈ 28 ಮತ್ತು ಆಗಸ್ಟ್ 3ರ ನಡುವೆ ಎಲ್ಲಾದರೂ ಬೀಳಬಹುದು. 2025ರಲ್ಲಿ ಅದು ಜುಲೈ 31 ಆಗಿತ್ತು, ನ್ಯೂಯಾರ್ಕ್ ಸಮಯ ಸಂಜೆ 6 ಗಂಟೆ. ನಮ್ಮಲ್ಲಿ ಆಗ ಮರುದಿನ ಬೆಳಗಿನ ಜಾವ 3.30.

ಟ್ರೇಡ್ ಎಂದರೆ ಐಪಿಎಲ್ ನೋಡುವ ನಮಗೆ ಹೊಸದೇನಲ್ಲ. 2023ರ ನವೆಂಬರ್‌ನಲ್ಲಿ ಹಾರ್ದಿಕ್ ಪಾಂಡ್ಯ ಗುಜರಾತ್ ಬಿಟ್ಟು ಮುಂಬೈಗೆ ಹೋದರು, ಕ್ಯಾಮರಾನ್ ಗ್ರೀನ್ ಮುಂಬೈ ಬಿಟ್ಟು ಆರ್‌ಸಿಬಿಗೆ ಬಂದರು. ಆದರೆ ಅದೆಲ್ಲ ಟೂರ್ನಿ ಇಲ್ಲದ ತಿಂಗಳಲ್ಲಿ ನಡೆದದ್ದು. ಬೇಸ್‌ಬಾಲ್‌ನಲ್ಲಿ ನಿನ್ನೆ ನಮ್ಮ ಪರ ಆಡಿದವರು ನಾಳೆ ಎದುರಾಳಿಯ ಜೆರ್ಸಿ ಹಾಕಿಕೊಂಡು ನಮ್ಮ ಮೈದಾನಕ್ಕೇ ಬರಬಹುದು. ಹೆಂಡತಿ, ಮಕ್ಕಳು, ಬಾಡಿಗೆ ಮನೆ ಎಲ್ಲವೂ ಒಂದು ಊರಲ್ಲಿ. ಆಟಗಾರ ಮಾತ್ರ ಸಾವಿರಾರು ಮೈಲು ಆಚೆ. ಟ್ರೇಡ್ ಆದವರು ಹೊಸ ತಂಡ ಸೇರಿಕೊಳ್ಳಲು ಇರುವ ಸಮಯ 72 ಗಂಟೆ.

ಈ ಗಡುವು ಹುಟ್ಟಿದ್ದು ನ್ಯಾಯದ ಹೆಸರಿನಲ್ಲಿ. 1922ರ ಜುಲೈನಲ್ಲಿ ನ್ಯೂಯಾರ್ಕ್ ಯಾಂಕೀಸ್ ತಂಡ ಬೋಸ್ಟನ್ ರೆಡ್ ಸಾಕ್ಸ್‌ನಿಂದ ಜೋ ಡುಗನ್ ಅವರನ್ನು ತರಿಸಿಕೊಂಡಿತು. ಆಗ ಯಾಂಕೀಸ್ ಜತೆ ಪೈಪೋಟಿಯಲ್ಲಿದ್ದದ್ದು ಸೇಂಟ್ ಲೂಯಿಸ್ ಬ್ರೌನ್ಸ್. ಕೊನೆಗೆ ಬ್ರೌನ್ಸ್ ಸೋತದ್ದು ಒಂದೇ ಒಂದು ಪಂದ್ಯದ ಅಂತರದಲ್ಲಿ. ಮೇಜರ್ ಲೀಗ್ ಅಂದರೆ ಅಮೆರಿಕನ್, ನ್ಯಾಷನಲ್ ಎಂಬ ಎರಡು ಲೀಗ್‌ಗಳು. ಅದೇ ತಿಂಗಳು ಇನ್ನೊಂದು ಲೀಗ್‌ನಲ್ಲಿ ನ್ಯೂಯಾರ್ಕ್ ಜೈಂಟ್ಸ್ ತಂಡ ಬೋಸ್ಟನ್ ಬ್ರೇವ್ಸ್‌ನಿಂದ ಪಿಚರ್ ಹ್ಯೂ ಮೆಕ್‌ಕ್ವಿಲನ್ ಅವರನ್ನು ಕೊಂಡಿತ್ತು. ಆ ವರ್ಷ ಎರಡೂ ಲೀಗ್‌ಗಳ ವಿಜೇತರ ನಡುವಿನ ಅಂತಿಮ ಸರಣಿ ವರ್ಲ್ಡ್ ಸೀರೀಸ್ ಆಡಿದ್ದು ನ್ಯೂಯಾರ್ಕ್‌ನ ಈ ಎರಡೇ ತಂಡಗಳು. ದುಡ್ಡಿದ್ದವರು ಅರ್ಧ ಸೀಸನ್ ಕಳೆದ ಮೇಲೆ ಗೆಲುವನ್ನೇ ಕೊಂಡುಕೊಳ್ಳುತ್ತಾರೆ ಎಂಬ ಕೂಗೆದ್ದಿತು. 1923ರಿಂದ ಜೂನ್ 15ರ ಗಡುವು ಬಂತು. ಅದು 1985ರವರೆಗೂ ನಡೆಯಿತು. ಅಲ್ಲಿಂದ ಮುಂದೆ ಜುಲೈ 31.

ಜೂನ್ 15ರ ಕಾಲದ ಎರಡು ಟ್ರೇಡ್‌ಗಳನ್ನು ಅಜ್ಜಂದಿರು ಇನ್ನೂ ಹೇಳುತ್ತಿರುತ್ತಾರೆ. 1964ರಲ್ಲಿ ಶಿಕಾಗೊ ಕಬ್ಸ್ ತಂಡ ಲೂ ಬ್ರಾಕ್ ಎಂಬ ಹುಡುಗನನ್ನು ಸೇಂಟ್ ಲೂಯಿಸ್ ಕಾರ್ಡಿನಲ್ಸ್‌ಗೆ ಕೊಟ್ಟು, ಹಿಂದಿನ ವರ್ಷ 18 ಪಂದ್ಯ ಗೆದ್ದಿದ್ದ ಪಿಚರ್ ಅರ್ನಿ ಬ್ರಾಲಿಯೊ ಅವರನ್ನು ಪಡೆಯಿತು. ಶಿಕಾಗೊದವರಿಗೆ ಆಗ ಇದು ಲಾಭದ ವ್ಯಾಪಾರವಾಗಿ ಕಂಡಿತ್ತು. ಬ್ರಾಲಿಯೊ ಕಬ್ಸ್ ಪರ ಗೆದ್ದದ್ದು ಒಟ್ಟು 7 ಪಂದ್ಯ. ಬ್ರಾಕ್ ಅದೇ ವರ್ಷ ವರ್ಲ್ಡ್ ಸೀರೀಸ್ ಗೆದ್ದರು, ಮುಂದೆ 938 ಬೇಸ್ ಕದ್ದು (ಎದುರಾಳಿಯ ಕಣ್ತಪ್ಪಿಸಿ ಮುಂದಿನ ಬೇಸ್‌ಗೆ ಓಡಿ) ಶ್ರೇಷ್ಠ ಆಟಗಾರರ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್ ಸೇರಿದರು. ಇನ್ನೊಂದು 1977ರದ್ದು. ನ್ಯೂಯಾರ್ಕ್ ಮೆಟ್ಸ್‌ನ ಕಣ್ಮಣಿ ಟಾಮ್ ಸೀವರ್ ಅವರನ್ನು ಗಡುವಿನ ರಾತ್ರಿಯೇ ಸಿನ್ಸಿನಾಟಿಗೆ ಕಳಿಸಿದರು. ಆ ನೋವು ನ್ಯೂಯಾರ್ಕ್‌ನ ಒಂದು ತಲೆಮಾರಿಗೆ ಇನ್ನೂ ಆರಿಲ್ಲ.

ಇಷ್ಟೆಲ್ಲ ಆಗುವಾಗ ಆಟಗಾರರಿಗೆ ಮಾತು ಇತ್ತಾ? ಬಹುಕಾಲ ಇರಲೇ ಇಲ್ಲ. ಒಪ್ಪಂದ ಮುಗಿದರೂ ಆಟಗಾರನ ಮೇಲಿನ ಹಕ್ಕು ತಂಡಕ್ಕೇ ಉಳಿಯುತ್ತಿತ್ತು. 1969ರ ಅಕ್ಟೋಬರ್‌ನಲ್ಲಿ ಕಾರ್ಡಿನಲ್ಸ್ ತಂಡ ಕರ್ಟ್ ಫ್ಲಡ್ ಅವರನ್ನು ಫಿಲಡೆಲ್ಫಿಯಾಕ್ಕೆ ಟ್ರೇಡ್ ಮಾಡಿತು. ಅವರು ಹೋಗುವುದಿಲ್ಲ ಎಂದರು. ಕೊಂಡು ಮಾರುವ ಆಸ್ತಿಯಂತೆ ನನ್ನನ್ನು ನೋಡುವುದು ಸರಿಯಲ್ಲ ಎಂದು ಲೀಗ್‌ನ ಮುಖ್ಯಸ್ಥ ಕಮಿಷನರ್‌ಗೆ ಪತ್ರ ಬರೆದರು, ನ್ಯಾಯಾಲಯಕ್ಕೆ ಹೋದರು. 1972ರಲ್ಲಿ ಸುಪ್ರೀಂ ಕೋರ್ಟ್‌ನಲ್ಲಿ 5–3ರಿಂದ ಸೋತರು. ಆ ಹೊತ್ತಿಗೆ ಅವರ ಆಟದ ಬದುಕೂ ಮುಗಿದಿತ್ತು. ಆದರೆ ಫ್ಲಡ್ ಎತ್ತಿದ ಪ್ರಶ್ನೆ ಸಾಯಲಿಲ್ಲ. 1973ರಲ್ಲಿ ಒಂದು ಹಕ್ಕು ಬಂತು: ಮೇಜರ್ ಲೀಗ್‌ನಲ್ಲಿ 10 ವರ್ಷ ಆಡಿ, ಅದರಲ್ಲಿ ಕೊನೆಯ 5 ವರ್ಷ ಒಂದೇ ತಂಡದಲ್ಲಿದ್ದವರು ಟ್ರೇಡ್ ಬೇಡ ಎನ್ನಬಹುದು. 1975ರ ಡಿಸೆಂಬರ್‌ನಲ್ಲಿ ಮಧ್ಯಸ್ಥಿಕೆದಾರರೊಬ್ಬರ ತೀರ್ಪು ಆಟಗಾರರಿಗೆ ಬೇರೆ ತಂಡ ಸೇರುವ ಬಾಗಿಲನ್ನೂ ತೆರೆಯಿತು.

ಇವತ್ತಿನ ಇಡೀ ಊಹಾಪೋಹ ನಿಂತಿರುವುದು ಈ ಬಾಗಿಲಿನ ಮೇಲೆಯೇ. ಆಟಗಾರ ಮೇಜರ್ ಲೀಗ್‌ಗೆ ಬಂದು 6 ವರ್ಷ ಪೂರೈಸುವವರೆಗೆ ತಂಡದ ಹಿಡಿತದಲ್ಲಿರುತ್ತಾನೆ. ಮೊದಲ ಮೂರು ವರ್ಷ ಸಾಮಾನ್ಯವಾಗಿ ಕನಿಷ್ಠ ಸಂಬಳದ ಆಸುಪಾಸು. 6 ವರ್ಷ ಮುಗಿದ ಮೇಲೆ ಸ್ವತಂತ್ರ. ಸೋಲುತ್ತಿರುವ ತಂಡದಲ್ಲಿ ಒಬ್ಬ ದೊಡ್ಡ ಆಟಗಾರನ ಒಪ್ಪಂದ ಅಕ್ಟೋಬರ್‌ಗೆ ಮುಗಿಯುತ್ತದೆ ಎಂದುಕೊಳ್ಳಿ. ಆತ ಹೇಗೂ ಹೊರಟುಹೋಗುತ್ತಾನೆ. ಈಗಲೇ ಕೊಟ್ಟರೆ ಎರಡು ಮೂರು ಚಿಗುರು ಪ್ರತಿಭೆಗಳು ಸಿಗುತ್ತವೆ. ಗೆಲ್ಲುತ್ತಿರುವ ತಂಡಕ್ಕೆ ಆತ ಬೇಕಿರುವುದು ಬರೀ ಮೂರು ತಿಂಗಳಿಗೆ. ಆ ಮೂರು ತಿಂಗಳಿಗೆ ಎಷ್ಟು ತೆರಬಹುದು ಅನ್ನುವುದೇ ಜುಲೈನ ಜಗಳ.

ಹೆಚ್ಚು ತೆತ್ತರೆ ಏನಾಗುತ್ತದೆ ಎಂಬುದಕ್ಕೆ ಡೆಟ್ರಾಯಿಟ್‌ನವರನ್ನು ಕೇಳಬೇಕು. 1987ರ ಆಗಸ್ಟ್‌ನಲ್ಲಿ ಟೈಗರ್ಸ್ ತಂಡ ಅನುಭವಿ ಪಿಚರ್ ಡಾಯ್ಲ್ ಅಲೆಕ್ಸಾಂಡರ್ ಅವರನ್ನು ಅಟ್ಲಾಂಟಾದಿಂದ ತಂದಿತು. ಸೀಸನ್‌ನ ಉಳಿದ ಭಾಗದಲ್ಲಿ ಅವರು 9 ಪಂದ್ಯ ಗೆದ್ದರು, ಒಂದನ್ನೂ ಸೋಲಲಿಲ್ಲ. ತಂಡ ತನ್ನ ವಿಭಾಗ ಗೆದ್ದಿತು. ಬದಲಿಗೆ ಕೊಟ್ಟದ್ದು ಜಾನ್ ಸ್ಮೋಲ್ಟ್ಸ್ ಎಂಬ ಹುಡುಗನನ್ನು. ಮಿಷಿಗನ್‌ನಲ್ಲೇ ಹುಟ್ಟಿ ಟೈಗರ್ಸ್ ಅಭಿಮಾನಿಯಾಗಿ ಬೆಳೆದವರು ಅವರು. ಹಾಲ್ ಆಫ್ ಫೇಮ್‌ಗೆ ಹೋದದ್ದು ಅಟ್ಲಾಂಟಾದ ಹೆಸರಿನಲ್ಲಿ. ಗಡುವು ಜುಲೈ ಕೊನೆಗೆ ಇದ್ದರೂ ಇದು ಆಗಸ್ಟ್‌ನಲ್ಲಿ ಹೇಗಾಯಿತು ಅಂದರೆ, ಆಗ ವೇವರ್ ಎಂಬ ಇನ್ನೊಂದು ದಾರಿ ಇತ್ತು. ಬೇರೆ ಯಾವ ತಂಡವೂ ಆಟಗಾರನನ್ನು ಕೇಳದಿದ್ದರೆ ಆಗಸ್ಟ್‌ನಲ್ಲೂ ಟ್ರೇಡ್ ಮಾಡಬಹುದಿತ್ತು. 2019ರಲ್ಲಿ ಆ ದಾರಿ ಮುಚ್ಚಿತು. ಅದಕ್ಕೇ ಈಗ ಗಡುವಿನ ದಿನದ ಮೇಲೆ ಇಷ್ಟು ಭಾರ.

ಇನ್ನು ಅಭಿಮಾನಿಗಳ ವಿಷಯ. ಪತ್ರಿಕೆಗಳ ಕಾಲದಲ್ಲೂ ವದಂತಿ ಇತ್ತು. ಆದರೆ ಅದು ಬೆಳಿಗ್ಗೆ ಒಮ್ಮೆ ಬಂದು ಸಂಜೆಗೆ ಹಳಸುತ್ತಿತ್ತು. 2005ರಲ್ಲಿ ಎಂಎಲ್‌ಬಿ ಟ್ರೇಡ್ ರೂಮರ್ಸ್ ಎಂಬ ತಾಣ ಶುರುವಾಯಿತು, ಊರೂರಿನ ಪತ್ರಿಕೆಗಳಲ್ಲಿ ಚದುರಿದ್ದ ಸುದ್ದಿಯನ್ನೆಲ್ಲ ಒಂದೆಡೆ ತಂದಿತು. ಮರುವರ್ಷ ಟ್ವಿಟರ್ ಬಂತು. ಕೆಲವೇ ವರ್ಷಗಳಲ್ಲಿ ಕೆನ್ ರೋಸೆಂಥಾಲ್, ಜೆಫ್ ಪಾಸನ್ ಅವರಂಥ ವರದಿಗಾರರ ಒಂದು ಸಾಲನ್ನು ಲಕ್ಷಾಂತರ ಜನ ಕಾಯುವಂತಾಯಿತು. ಅವರ ಹೆಸರಿನಲ್ಲಿ ಒಂದಕ್ಷರ ಬದಲಿಸಿಕೊಂಡ ನಕಲಿ ಖಾತೆಗಳೂ ಹುಟ್ಟಿದವು. ಸುದ್ದಿ ಹೊರಬೀಳುವುದರಲ್ಲಿ ಎಲ್ಲರಿಗೂ ಅಷ್ಟಿಷ್ಟು ಲಾಭ. ಮಾರುವ ತಂಡಕ್ಕೆ ಬೆಲೆ ಏರಬೇಕು, ಕೊಳ್ಳುವವರಿಗೆ ಎದುರಾಳಿಯ ಗಮನ ಬೇರೆಡೆ ತಿರುಗಬೇಕು, ಏಜೆಂಟ್‌ಗೆ ತನ್ನ ಆಟಗಾರನ ಹೆಸರು ಓಡಾಡಬೇಕು. ನಷ್ಟ ಯಾರಿಗೆ ಎಂಬುದು ಒಂದು ರಾತ್ರಿ ಇಡೀ ದೇಶದ ಕಣ್ಣಿಗೆ ಬಿತ್ತು.

2015ರ ಜುಲೈ 29, ಬುಧವಾರ. ನ್ಯೂಯಾರ್ಕ್‌ನ ಸಿಟಿ ಫೀಲ್ಡ್‌ನಲ್ಲಿ ಮೆಟ್ಸ್ ತಂಡ ಸ್ಯಾನ್ ಡಿಯೆಗೊ ವಿರುದ್ಧ ಆಡುತ್ತಿತ್ತು. ಎರಡನೇ, ಮೂರನೇ ಬೇಸ್‌ಗಳ ನಡುವಿನ ಶಾರ್ಟ್‌ಸ್ಟಾಪ್ ಎಂಬ ಫೀಲ್ಡಿಂಗ್ ಜಾಗದಲ್ಲಿ ವಿಲ್ಮರ್ ಫ್ಲೋರೆಸ್. ವೆನೆಜುವೆಲಾದ ಈ ಹುಡುಗ 16ನೇ ವಯಸ್ಸಿಗೇ ಮೆಟ್ಸ್ ಜತೆ ಸಹಿ ಹಾಕಿದ್ದರು, ಅವರು ಬೆಳೆದದ್ದೇ ಈ ತಂಡದಲ್ಲಿ. ಪಂದ್ಯ ನಡೆಯುತ್ತಿರುವಾಗಲೇ ಟ್ವಿಟರ್‌ನಲ್ಲಿ ಸುದ್ದಿ ಬಂತು: ಮಿಲ್ವಾಕಿಯ ಕಾರ್ಲೋಸ್ ಗೋಮೆಜ್ ಮೆಟ್ಸ್‌ಗೆ, ಫ್ಲೋರೆಸ್ ಮತ್ತು ಪಿಚರ್ ಜಾಕ್ ವೀಲರ್ ಮಿಲ್ವಾಕಿಗೆ. ಗ್ಯಾಲರಿಯಲ್ಲಿ ಫೋನ್ ಹಿಡಿದವರಿಗೆಲ್ಲ ಗೊತ್ತಾಯಿತು. ಏಳನೇ ಇನಿಂಗ್ಸ್‌ನಲ್ಲಿ ಫ್ಲೋರೆಸ್ ಔಟಾಗಿ ಹಿಂದಿರುಗುವಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅವರ ಪಾಲಿಗೆ ಅದು ಬೀಳ್ಕೊಡುಗೆ. ಎಂಟನೇ ಇನಿಂಗ್ಸ್‌ಗೆ ಫೀಲ್ಡಿಂಗ್‌ಗೆ ಬಂದ ಫ್ಲೋರೆಸ್ ಅಳುತ್ತಿದ್ದರು. ತೋಳಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು, ಮತ್ತೆ ಬಾಗಿ ಚೆಂಡಿಗೆ ಸಜ್ಜಾಗುತ್ತಿದ್ದರು. ಕ್ಯಾಮೆರಾ ಅವರ ಮುಖ ಬಿಟ್ಟು ಕದಲಲಿಲ್ಲ.

ಅವರನ್ನು ಯಾಕೆ ಆಟದಿಂದ ಹೊರಗೆ ಕರೆಯಲಿಲ್ಲ ಎಂದು ಮ್ಯಾನೇಜರ್ ಟೆರ್ರಿ ಕಾಲಿನ್ಸ್ ಅವರನ್ನು ಆಮೇಲೆ ಕೇಳಿದರು. ತನಗೆ ಯಾರೂ ಏನೂ ಹೇಳಿರಲಿಲ್ಲ ಎಂದರು ಕಾಲಿನ್ಸ್. ನಿಜಕ್ಕೂ ಹೇಳಲು ಏನೂ ಇರಲಿಲ್ಲ, ಯಾಕೆಂದರೆ ಟ್ರೇಡ್ ಆಗಿರಲೇ ಇಲ್ಲ. ಗೋಮೆಜ್ ಅವರ ಸೊಂಟದ ವೈದ್ಯಕೀಯ ವರದಿ ನೋಡಿ ಮೆಟ್ಸ್ ಹಿಂದೆ ಸರಿದಿತ್ತು. ಇಷ್ಟು ವರ್ಷದ ಜತೆಗಾರರನ್ನು ಬಿಟ್ಟು ಹೋಗಬೇಕಲ್ಲ ಅಂತ ಬೇಸರವಾಯಿತು ಎಂದು ಫ್ಲೋರೆಸ್ ಹೇಳಿದರು. ಎರಡು ದಿನ ಕಳೆದು ಶುಕ್ರವಾರ, ವಾಷಿಂಗ್ಟನ್ ವಿರುದ್ಧ ಪಂದ್ಯ ಮಾಮೂಲಿ 9 ಇನಿಂಗ್ಸ್ ದಾಟಿ 12ನೇ ಇನಿಂಗ್ಸ್‌ಗೆ ಹೋಯಿತು. ಫ್ಲೋರೆಸ್ ಹೋಮ್ ರನ್ ಹೊಡೆದು 2–1ರಿಂದ ಗೆಲ್ಲಿಸಿದರು. ಹೋಮ್ ಪ್ಲೇಟ್‌ಗೆ ಓಡಿಬರುವಾಗ ಎದೆಯ ಮೇಲಿದ್ದ ಮೆಟ್ಸ್ ಹೆಸರನ್ನು ಹಿಡಿದು ಎಳೆದು ತೋರಿಸಿದರು.

ಅದೇ ಶುಕ್ರವಾರ ಗಡುವಿಗೆ ಕೆಲವೇ ನಿಮಿಷ ಇರುವಾಗ ಮೆಟ್ಸ್ ತಂಡ ಡೆಟ್ರಾಯಿಟ್‌ನಿಂದ ಯೊಯೆನಿಸ್ ಸೆಸ್ಪೆಡೆಸ್ ಅವರನ್ನು ತಂದಿತ್ತು. ಅವರು ಉಳಿದ ಸೀಸನ್‌ನಲ್ಲಿ 57 ಪಂದ್ಯ ಆಡಿ 17 ಹೋಮ್ ರನ್ ಹೊಡೆದರು. ಮೆಟ್ಸ್ ವರ್ಲ್ಡ್ ಸೀರೀಸ್‌ವರೆಗೆ ಹೋಗಿ ಕ್ಯಾನ್ಸಸ್ ಸಿಟಿಗೆ ಸೋತಿತು. ಬದಲಿಗೆ ಡೆಟ್ರಾಯಿಟ್‌ಗೆ ಹೋದ ಪಿಚರ್ ಮೈಕಲ್ ಫುಲ್ಮರ್ ಮರುವರ್ಷ ಅಮೆರಿಕನ್ ಲೀಗ್‌ನ ಅತ್ಯುತ್ತಮ ಹೊಸ ಆಟಗಾರರಾದರು. ಆದರೂ ಆ ವಾರ ಅಂದರೆ ಜನರಿಗೆ ಮೊದಲು ನೆನಪಾಗುವುದು ನಡೆಯದೇ ಹೋದ ಟ್ರೇಡ್.

ಆ ರಾತ್ರಿಯಿಂದ ವದಂತಿ ಏನೂ ಕಡಿಮೆಯಾಗಲಿಲ್ಲ. ಅಭಿಮಾನಿಗಳ ತಿಳಿವಳಿಕೆ ಮಾತ್ರ ಆಳವಾಯಿತು. ಕೆಳಗಿನ ಲೀಗ್‌ಗಳಲ್ಲಿ ಆಡುವ 19 ವರ್ಷದ ಹುಡುಗನ ಎಸೆತದ ವೇಗ ಅವರಿಗೆ ಗೊತ್ತು. ಯಾರ ಒಪ್ಪಂದ ಎಷ್ಟು ವರ್ಷ ಉಳಿದಿದೆ, ಯಾವ ತಂಡ ಸಂಬಳದ ಮಿತಿ ದಾಟಿ ತೆರಿಗೆ ಕಟ್ಟುತ್ತಿದೆ ಎಲ್ಲವೂ ಗೊತ್ತು. ಇದನ್ನು ಸುಮ್ನೆ ಕಾಲಹರಣ ಎನ್ನುವಂತಿಲ್ಲ, ತಂಡದ ಮೇಲಿನ ಪ್ರೀತಿ ಇಲ್ಲದೆ ಯಾರೂ ಇಷ್ಟು ಓದುವುದಿಲ್ಲ. ಆದರೆ ಇಷ್ಟು ಲೆಕ್ಕ ಕಲಿತ ಮೇಲೆ, ಲೆಕ್ಕದ ಆಚೆ ಇರುವ ಮನುಷ್ಯನನ್ನು ಮರೆಯುವುದೂ ಸುಲಭವಾಗಿದೆ. 2021ರಲ್ಲಿ ಶಿಕಾಗೊ ಕಬ್ಸ್ ತಂಡ ಆಂಥನಿ ರಿಜ್ಜೊ, ಹಾವಿಯೆರ್ ಬಾಯೆಜ್, ಕ್ರಿಸ್ ಬ್ರಯಂಟ್ ಮೂವರನ್ನೂ ಸುಮಾರು ಒಂದೇ ದಿನದ ಅಂತರದಲ್ಲಿ ಕಳಿಸಿಬಿಟ್ಟಿತು. 108 ವರ್ಷ ಕಾದಿದ್ದ ಊರಿಗೆ 2016ರಲ್ಲಿ ಕಪ್ ತಂದವರು ಇವರು. ಕಾಗದದ ಮೇಲೆ ಅದು ತಪ್ಪಲ್ಲ, ಮೂವರ ಒಪ್ಪಂದವೂ ಆ ವರ್ಷವೇ ಮುಗಿಯುತ್ತಿತ್ತು. ಆದರೆ ಅವರ ಹೆಸರಿನ ಜೆರ್ಸಿ ಹಾಕಿಕೊಂಡು ಬೆಳೆದ ಮಕ್ಕಳಿಗೆ ಈ ಕಾಗದ ತೋರಿಸಿ ಸಮಾಧಾನ ಹೇಳಲು ಆಗುತ್ತದಾ?

ವಿಷಯ ಈಗ ಇನ್ನೂ ಗೋಜಲಾಗಿರುವುದಕ್ಕೆ ಕಾರಣ ಪ್ಲೇಆಫ್. 1968ರವರೆಗೆ ಸೀಸನ್ ನಂತರ ಆಡುತ್ತಿದ್ದದ್ದು 2 ತಂಡ. 1969ರಲ್ಲಿ 4 ಆಯಿತು, 1995ರಲ್ಲಿ 8, 2012ರಲ್ಲಿ 10, 2022ರಿಂದ 12. ಜುಲೈ ಕೊನೆಯಲ್ಲಿ 30ರಲ್ಲಿ 20 ತಂಡಗಳಾದರೂ ನಮಗೂ ಅವಕಾಶವಿದೆ ಎಂದು ಹೇಳಿಕೊಳ್ಳಬಹುದು. ಹೀಗಾಗಿ ಮಾರುವವರು ಕಡಿಮೆ, ಕೊಳ್ಳುವವರು ಜಾಸ್ತಿ. ಕೆಲವು ತಂಡಗಳು ಕೊನೆಯ ದಿನದವರೆಗೂ ತೀರ್ಮಾನಿಸುವುದಿಲ್ಲ. ಎಲ್ಲ ಕೊನೆಯ ಗಂಟೆಗಳಿಗೆ ಬಂದು ನಿಲ್ಲುತ್ತದೆ, ಅಲ್ಲಿಯವರೆಗೆ ವದಂತಿಯದ್ದೇ ರಾಜ್ಯ.

ಗಡುವನ್ನು ಆಗಸ್ಟ್ ಮಧ್ಯಕ್ಕೆ ತಳ್ಳಿದರೆ ಯಾರು ಎಲ್ಲಿ ನಿಂತಿದ್ದಾರೆ ಎಂಬುದು ಸ್ಪಷ್ಟವಾಗುತ್ತದೆ ಎನ್ನುವವರಿದ್ದಾರೆ. ಆಗ ಕೊಂಡವರಿಗೆ ಆಟಗಾರ ಸಿಗುವುದು ಆರೇಳು ವಾರ ಮಾತ್ರ, ಬೆಲೆ ಬೀಳುತ್ತದೆ ಎನ್ನುವವರೂ ಇದ್ದಾರೆ. ಎರಡರಲ್ಲೂ ಹುರುಳಿದೆ. ಆದರೆ ಎರಡೂ ವಾದಗಳು ತಂಡಗಳ ಕಡೆಯಿಂದ ಬಂದವು.

ಆಟಗಾರರ ಕಡೆ ನೋಡಿದರೆ, 1973ರ ಆ 10 ವರ್ಷ–5 ವರ್ಷದ ಹಕ್ಕು ಹಾಗೆಯೇ ಇದೆ. ಅಷ್ಟು ವರ್ಷ ಮೇಜರ್ ಲೀಗ್‌ನಲ್ಲಿ ಉಳಿಯುವವರೇ ಕಡಿಮೆ. ಅದರಲ್ಲೂ ಒಂದೇ ತಂಡದಲ್ಲಿ 5 ವರ್ಷ ಇರಲು ಬಿಟ್ಟರೆ ತಾನೆ! ಟ್ರೇಡ್ ತಡೆಯುವ ಷರತ್ತನ್ನು ಒಪ್ಪಂದದಲ್ಲೇ ಬರೆಸಿಕೊಳ್ಳುವ ಶಕ್ತಿ ಇರುವುದು ದೊಡ್ಡ ತಾರೆಗಳಿಗೆ ಮಾತ್ರ. ಫ್ಲೋರೆಸ್ ಅವರಂಥ 23 ವರ್ಷದವರಿಗೆ ಎರಡೂ ಇಲ್ಲ. ಗಡುವಿನ ದಿನ, ಪ್ಲೇಆಫ್ ತಂಡಗಳ ಸಂಖ್ಯೆ, ಈ ಹಕ್ಕು ಎಲ್ಲವೂ ಆಟಗಾರರ ಸಂಘ ಮತ್ತು ಲೀಗ್ ನಡುವಿನ ಒಪ್ಪಂದದ ಪುಟಗಳಲ್ಲೇ ಇವೆ. ಈಗಿನ ಒಪ್ಪಂದದ ಅವಧಿ 2026ರ ಡಿಸೆಂಬರ್ 1ರವರೆಗೆ. ಹತ್ತನ್ನು ಏಳಕ್ಕೋ ಎಂಟಕ್ಕೋ ಇಳಿಸಿ ಎಂದು ಕೇಳಲು ಸರಿಯಾದ ಜಾಗ ಅದರ ನಂತರದ ಒಪ್ಪಂದದ ಮಾತುಕತೆಯ ಮೇಜೇ.